ಎರಡು ಕಾರು, ಒಂದು ಡಬ್ಬಿ ಮೊಸರು

ಎಲ್ಲವನ್ನೂ ತೂಗಿ ನೋಡಿ ನಿರ್ಧರಿಸುತ್ತೇನೆ ಎನ್ನುವವರನ್ನು ನಾನು ಪೂರ್ತಿ ನಂಬುವುದಿಲ್ಲ. ಮನಸ್ಸು ಮೊದಲೇ ಒಂದು ಕಡೆ ಹೋಗಿ ಕುಳಿತಿರುತ್ತದೆ. ತಕ್ಕಡಿ ಆಮೇಲೆ ಬರುತ್ತದೆ. ಇದನ್ನು ಇಷ್ಟು ಖಚಿತವಾಗಿ ಹೇಳಲು ಕಾರಣ, ಆ ಪೈಕಿ ನಾನೂ ಒಬ್ಬಳು. ಬಸವಕಲ್ಯಾಣದ ಮನೆಯಿಂದ ಹುಮನಾಬಾದಿನ ಕಾಲೇಜಿಗೆ ದಿನಾ ಹೋಗಿ ಭೌತಶಾಸ್ತ್ರ ಪಾಠ ಮಾಡುವವಳು ನಾನು. ಕಾರು ಕೊಳ್ಳುವುದೆಂದಾದಾಗ ಎರಡು ಪುಟ್ಟ ಟರ್ಬೊ ಕಾರುಗಳನ್ನು ಆರಿಸಿ, ವೇಗ, ಹಿಡಿತ, ಅಂದ ಎಂದು ಮೂರು ಕಲಂ ಎಳೆದು ಅಂಕ ಕೊಡಲು ಕುಳಿತೆ. ಒಂದು ಕೆಂಪು, ಒಂದು ನೀಲಿ. ನೂರರ ವೇಗ ಮುಟ್ಟುವುದರಲ್ಲಿ ಕೆಂಪಿನದು ಅರ್ಧ ಸೆಕೆಂಡು ಮುಂದೆ. ತಿರುವಿನಲ್ಲಿ ನೆಲ ಕಚ್ಚಿ ಹೋಗುವುದರಲ್ಲಿ ನೀಲಿಯದು ಮೇಲು ಎಂದು ಬಲ್ಲವರು ಬರೆದಿದ್ದರು. ಮೊದಲ ಸಲ ಕೂಡಿದಾಗ ನೀಲಿ ಗೆದ್ದಿತು. ನಾನು ಅಂದದ ಕಲಂ ಅನ್ನು ಮುಂದಿನ ಅಂದ, ಹಿಂದಿನ ಅಂದ ಎಂದು ಎರಡು ಮಾಡಿದೆ. ಆಗ ಕೆಂಪು ಗೆದ್ದಿತು. ವಿದ್ಯಾರ್ಥಿಗಳು ಪ್ರಯೋಗದ ಪುಸ್ತಕದಲ್ಲಿ ಹೀಗೆ ಮಾಡಿದರೆ ನಾನು ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತೇನೆ.

ತೊಡಕು ಕಾಕಾನದಾಗಿತ್ತು. ಅಪ್ಪನ ತಮ್ಮನಾದ ಅವನಿಗೆ ಟೈರಿನ ಅಂಗಡಿಯಿದೆ. ಆದ್ದರಿಂದ ಚಕ್ರವಿರುವ ಯಾವುದೇ ವಸ್ತುವಿನ ಬಗ್ಗೆ ನಮ್ಮ ಮನೆಯಲ್ಲಿ ಅವನ ಮಾತೇ ಕೊನೆಯದು. ಅಪ್ಪ ತಮ್ಮ ಸ್ಕೂಟರಿನ ಬಣ್ಣವನ್ನೂ ಅವನನ್ನು ಕೇಳಿಯೇ ಆರಿಸಿದವರು. ಕಾಕಾ ನೀಲಿಯ ಪಕ್ಷ. ಕೆಂಪು ಕಾರಿನ ಚಿತ್ರ ನೋಡಿ, ಸಿಟ್ಟಿಗೆದ್ದ ಹುಂಜದಂಗ ಮಾರಿ ಮಾಡೇದ ಎಂದುಬಿಟ್ಟ. ಆ ಹುಂಜದ ಮುಖವನ್ನು ಫೋನಿನಲ್ಲಿ ದಿನಕ್ಕೆ ನಾಲ್ಕು ಸಲ ತೆಗೆದು ನೋಡುತ್ತಿದ್ದೇನೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಬಾರದ ವಿದ್ಯೆ.

ಶೋರೂಮಿನವರು ಓಡಿಸಿ ನೋಡಲು ಕಾರನ್ನು ಮನೆಗೇ ಕಳಿಸುತ್ತಾರೆಂದು ತಿಳಿದದ್ದೇ ತಡ, ಆಯಿ, ಅಂದರೆ ನನ್ನ ಅಜ್ಜಿ, ಮಾಣಿಕನಗರದ ಮಗಳ ಮನೆಗೆ ಹೊರಟು ನಿಂತಳು. ಮಗಳ ಮನೆಗೆ ಬರಿಗೈಯಲ್ಲಿ ಹೋಗುವವಳಲ್ಲ. ಸ್ಟೀಲಿನ ಡಬ್ಬಿಯಲ್ಲಿ ಮೊಸರು ಬೇಕೇ ಬೇಕು. ಕಾಕಾ ಅದನ್ನೇ ತೀರ್ಪು ಮಾಡಿಬಿಟ್ಟ.

"ಯಾವ ಗಾಡ್ಯಾಗ ಅವ್ವನ ಮೊಸರು ಚೆಲ್ಲಂಗಿಲ್ಲ, ಅದನ್ನೇ ತಗೋಳೂದು. ನಿನ್ನ ಕಾಗದ ಸಾಕು."

ಮೊದಲ ಭಾನುವಾರ ನೀಲಿ ಬಂತು. ಊರೊಳಗೆ ಒಂದು ಸುತ್ತು ಎಂದುಕೊಂಡಿದ್ದ ಶೋರೂಮಿನ ಹುಡುಗಿ ಹಿಂದೆ ಡಬ್ಬಿ ಹಿಡಿದು ಕುಳಿತ ಮುದುಕಿಗೆ ಇಲ್ಲವೆನ್ನಲಾರದೆ ಮಾಣಿಕನಗರದವರೆಗೂ ಬಂದಳು. ಮೊಸರು ಕದಲಲಿಲ್ಲ. ಮರುವಾರ ಕೆಂಪು ಬಂತು. ಹೆದ್ದಾರಿಗೆ ಸೇರುವ ತಿರುವಿನವರೆಗೂ ನಾನು ಸಭ್ಯಳಾಗಿಯೇ ಇದ್ದೆ. ಅಲ್ಲಿ ಕಾಲು ಸ್ವಲ್ಪ ಒತ್ತಿತು. ಕಾರು ಹುಂಜವಲ್ಲ, ಹದ್ದು ಎಂದು ಆ ಕ್ಷಣ ತಿಳಿಯಿತು; ಮುಚ್ಚಳ ಹಾರಿದ್ದು ಮರುಕ್ಷಣ ತಿಳಿಯಿತು. ಅರ್ಧ ಡಬ್ಬಿ ಮೊಸರು ಆಯಿಯ ಮಡಿಲಲ್ಲಿತ್ತು. ಪಕ್ಕದಲ್ಲಿ ಕುಳಿತಿದ್ದ ಶೋರೂಮಿನವರು ಹಿಂದಕ್ಕೆ ತಿರುಗಿ ಸೀಟು ನೋಡಿದರು. ಆಯಿ ಸೆರಗಿನಿಂದ ಸೀಟು ಒರೆಸಿದಳು. ನನ್ನ ಕೆಂಪು ಕಾರು ಹೋಯಿತೆಂದುಕೊಂಡು ನಾನು ಮಾಣಿಕನಗರದವರೆಗೂ ಎತ್ತಿನ ಗಾಡಿಯಂತೆ ಓಡಿಸಿದೆ.

ಮನೆಗೆ ಮರಳಿದಾಗ ಬಾಗಿಲಲ್ಲೇ ನಿಂತಿದ್ದ ಕಾಕಾ ಡಬ್ಬಿಯನ್ನಲ್ಲ, ಆಯಿಯ ಮೈಮೇಲಿನ ಬೇರೆ ಸೀರೆಯನ್ನು ನೋಡಿದ.

"ಇದ್ಯಾಕವ್ವಾ, ಸೀರಿ ಬದಲಾಗ್ಯಾದ?"

"ಮಗಳು ಉಡಿಸಿ ಕಳಿಸ್ಯಾಳ. ನಿನಗ್ಯಾಕ ಹೊಟ್ಟಿಕಿಚ್ಚು?"

ತವರಿನ ಹಿರಿಯಳಿಗೆ ಮಗಳು ಸೀರೆ ಉಡಿಸಿ ಕಳಿಸಿದರೆ ಯಾರು ಏನು ಕೇಳಿಯಾರು? ಮೊಸರು ಎಂದು ಕಾಕಾ ರಾಗ ತೆಗೆದ. ಎಲ್ಲಾ ಖಾಲಿ ಆಯಿತು ಎಂದಳು ಆಯಿ, ಅದೂ ನಿಜವೇ. ಪ್ರಾಮಾಣಿಕತೆಯ ಬಗ್ಗೆ ತರಗತಿಯಲ್ಲಿ ಆಗಾಗ ಮಾತಾಡುವ ನಾನು ಚಪ್ಪಲಿಯನ್ನು ಬಹಳ ಹೊತ್ತು ಸರಿಯಾಗಿ ಜೋಡಿಸಿಟ್ಟೆ. ಆಮೇಲೆ ಒಳಗೆ ಹೋಗಿ, ಯಾಕೆ ಹಾಗೆ ಹೇಳಿದೆ ಎಂದು ಆಯಿಯನ್ನು ಮೆಲ್ಲಗೆ ಕೇಳಿದೆ.

"ನೀಲಿ ಗಾಡ್ಯಾಗ ಪರೀಕ್ಷಾಕ್ಕ ಹೊಂಟವರಂಗ ಕುಂತಿದ್ದಿ. ಇದರಾಗ ಹಲ್ಲು ಕಾಣಂಗ ನಕ್ಕಿ. ಕನ್ನಡ್ಯಾಗ ನೋಡೀನಿ ನಾ. ಮೊಸರೇನು, ನಾಳಿಗಿ ಮತ್ತ ಹೆಪ್ಪಾಕತೀನಿ."

ಕೆಂಪು ಕಾರು ಮನೆಗೆ ಬಂದು ನಾಲ್ಕು ತಿಂಗಳಾಯಿತು. ಶೋರೂಮಿನ ಕಾರನ್ನು ಹದ್ದಿನಂತೆ ಹಾರಿಸಿದವಳಿಗೆ ಸ್ವಂತದ್ದು ಬಂದ ಮೇಲೆ ಒಂದು ಗೀಚು ಬಿದ್ದೀತೆಂಬ ಭಯ. ವೇಗದ ಮುಳ್ಳು ಐವತ್ತನ್ನು ದಾಟಿಲ್ಲ. ಇಷ್ಟು ಜೋಪಾನವಾಗಿ ಓಡಿಸುವವರು ಮನೆತನದಲ್ಲೇ ಇಲ್ಲವೆಂದು ಕಾಕಾ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾನೆ. ಮೊನ್ನೆ ಹೆದ್ದಾರಿಯಲ್ಲಿ ಕಬ್ಬು ಇಳಿಸಿ ಬರುತ್ತಿದ್ದ ಟ್ರ್ಯಾಕ್ಟರೊಂದು ನನ್ನನ್ನು ಹಿಂದೆ ಹಾಕಿತು. ಮುಂದೆ ಹೋದವನು ವೇಗ ತಗ್ಗಿಸಿ, ತಿರುಗಿ ನೋಡಿ, ಗಾಡಿ ಕೆಟ್ಟಿದೆಯೇ, ಎಳೆದುಕೊಂಡು ಹೋಗಬೇಕೇ ಎಂದು ಕೈಸನ್ನೆಯಲ್ಲಿ ಕೇಳಿದ. ಬೇಡ ಎಂದು ನಾನು ತಲೆಯಾಡಿಸುವಷ್ಟರಲ್ಲಿ, ಪಕ್ಕದ ಸೀಟಿನಲ್ಲಿದ್ದ ಆಯಿ ಹೌದು ಎಂದು ಕೈ ಎತ್ತಿಬಿಟ್ಟಿದ್ದಳು.