ಗ್ಲೈಕಾಲ್ ಬಿರಾದಾರ

ವಿಜಯಪುರದಲ್ಲಿ ಬಿರಾದಾರ ಎಂಬ ಅಡ್ಡಹೆಸರು ಹೊತ್ತು ಬದುಕುವ ಕಷ್ಟ ಬೇರೆ ಊರಿನವರಿಗೆ ತಿಳಿಯುವಂಥದ್ದಲ್ಲ. ನಮ್ಮ ಜೋರಾಪುರ ಪೇಟೆಯ ಒಂದೇ ಓಣಿಯಲ್ಲಿ ಇಬ್ಬರು ಬಿರಾದಾರರಿದ್ದೇವೆ. ಒಬ್ಬ ನಾನು, ಶ್ರೀಮಂತ ಬಿರಾದಾರ (ಶ್ರೀಮಂತಿಕೆ ಹೆಸರಿನಲ್ಲಷ್ಟೇ ಇದೆ), ಕಚೇರಿ ಗುಮಾಸ್ತ, ಯಾರ ತಂಟೆಗೂ ಹೋಗದವನು. ಇನ್ನೊಬ್ಬ ಯಲಗೂರಪ್ಪ ಬಿರಾದಾರ. ಆತ ಸಂಜೆ ಒಂದಿಷ್ಟು ‘ತೀರ್ಥ’ ಸೇವಿಸಿ ಬಂದನೆಂದರೆ ಯಾರಾದರೊಬ್ಬರ ಕೊರಳಪಟ್ಟಿ ಹಿಡಿಯದೆ ಮಲಗುವುದಿಲ್ಲ. ಮರುದಿನ ಏಟು ತಿಂದವರ ಕಡೆಯವರು ಬಿರಾದಾರನನ್ನು ಹುಡುಕಿಕೊಂಡು ಬಂದು ಬಡಿಯುವುದು ನನ್ನ ಮನೆಯ ಬಾಗಿಲನ್ನು. “ಆ ಬಿರಾದಾರ ಬ್ಯಾರೆ, ಈ ಬಿರಾದಾರ ಬ್ಯಾರೇರಿ! ಅಡ್ಡಹೆಸರು ಅಷ್ಟ ಒಂದು!” ಎಂದು ಕೈಮುಗಿದು ಹೇಳುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ.

ಇಂಥ ನಾನು ಹೋದ ಚಳಿಗಾಲದಲ್ಲಿ ಹೆಂಡತಿಯ ಮುಖ ಕಾಪಾಡಲು ಹೋಗಿ ಅಕ್ಷರಶಃ ಮುಖಭಂಗ ಅನುಭವಿಸಿದೆ. ಅದನ್ನು ಹೇಳಿಕೊಂಡು ಹಗುರಾಗುತ್ತೇನೆ.

ನನ್ನ ಹೆಂಡತಿ ಚಂದ್ರಕಲಾ. ಅವಳ ಬಸುರಿ ತಂಗಿ ಗೀತಾಂಜಲಿಯ ಕುಬಸ, ಅಂದರೆ ಸೀಮಂತ, ಜೈನಾಪುರದ ತವರುಮನೆಯಲ್ಲಿ ಗೊತ್ತಾಗಿತ್ತು. ಚಳಿಗೆ ಮುಖವೆಲ್ಲ ಬಿರಿದಿದೆ, ಫೋಟೋದಲ್ಲಿ ಚೆನ್ನಾಗಿ ಕಾಣಬೇಕು ಎಂದು ಅವಳು ಒಂದು ಕ್ರೀಮಿನ ಡಬ್ಬಿ ತಂದಳು. ಮನೆಗೆ ಬಂದ ಯಾವ ಡಬ್ಬಿಯನ್ನೂ ಮೂಗಿಗೆ ಚಾಳೀಸು ಕನ್ನಡಕ ಏರಿಸಿ ಓದದೆ ಬಿಡುವ ಜಾಯಮಾನ ನನ್ನದಲ್ಲ. ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಮೊದಲು ನೀರು, ಆಮೇಲೆ ಗ್ಲಿಸರಿನ್, ಅದರ ಹಿಂದೆಯೇ ಅಡಗಿ ಕುಳಿತಿತ್ತು ‘ಪ್ರೊಪಿಲೀನ್ ಗ್ಲೈಕಾಲ್’. ಕೂಡಲೇ ಮೊಬೈಲಿನಲ್ಲಿ ಹುಡುಕಿದೆ. ಗಡ್ಡದ ಮಹಾಶಯನೊಬ್ಬ ಗ್ಲೈಕಾಲ್ ಎಂದರೆ ದ್ರಾವಕ, ಚಳಿ ದೇಶಗಳಲ್ಲಿ ಅದನ್ನು ಮೋಟಾರಿನ ರೇಡಿಯೇಟರಿಗೆ ಹಾಕುತ್ತಾರೆ ಎಂದು ಕಣ್ಣರಳಿಸಿ ಹೇಳುತ್ತಿದ್ದ. ಡಬ್ಬಿ ಹಿಡಿದೇ ಕೂಗಿದೆ.

“ಚಂದ್ರಕಲಾ! ಹಚ್ಚಬ್ಯಾಡ! ಇದರಾಗ ಗ್ಲೈಕಾಲ್ ಐತಿ!”

“ಇದ್ದರ ಏನಾತ್ರಿ?”

“ದ್ರಾವಕ ಅದು. ದ್ರಾವಕ ಅಂದರ ಕರಗಸೂದು. ಕ್ರೀಮಿನೊಳಗಿನ ಸಾಮಾನ ಎಲ್ಲಾ ಕರಗಸೂದು, ನಿನ್ನ ಮಾರಿ ಬಿಡ್ತೈತೇನು?”

“ನೀರೂ ಕರಗಸ್ತೈತಲ್ಲರಿ. ಇಷ್ಟ ವರ್ಷ ಜಳಕಾ ಮಾಡಾಕತ್ತೀರಿ, ಎಲ್ಲಿ ಕರಗೀರಿ?” ಎಂದು ಅವಳು ನನ್ನ ಹೊಟ್ಟೆಯನ್ನೇ ದಿಟ್ಟಿಸಿದಳು.

“ಚೇಷ್ಟಾ ಬ್ಯಾಡ. ಇದು ರೇಡಿಯೇಟರಿಗೆ ಹಾಕೂ ಮಾಲು.”

“ಯಾವ ಗ್ಲೈಕಾಲ್ ಹಾಕ್ತಾರಂತ? ಇದ ಏನು?”

“ಗ್ಲೈಕಾಲ್ ಅಂದರ ಗ್ಲೈಕಾಲ್! ಅದರಾಗ ಯಾವದು ಅಂತ ಏನು ಬಂತು? ಎಲ್ಲಾ ಒಂದ ಖಾಂದಾನ!”

“ಅಂಗಡ್ಯಾಕಿ ಹೇಳ್ಯಾಳ್ರಿ, ಕೆಲವರಿಗೆ ತುರಸ್ತೈತಿ, ಮೊದಲ ಮೊಣಕೈ ಒಳಗ ಒಂದೀಟು ಹಚ್ಚಿ ನೋಡ್ರಿ ಅಂತ. ನಾ ಹಚ್ಚಿ ನೋಡೇನಿ. ಏನೂ ಆಗಿಲ್ಲ.”

ವಾದದಲ್ಲಿ ಸೋತ ಗಂಡಸರು ಮಾಡುವುದನ್ನೇ ನಾನೂ ಮಾಡಿದೆ. ಮರುದಿನ ಬೆಳಿಗ್ಗೆ ಕಸದ ಗಾಡಿ ಬಂದಾಗ ಡಬ್ಬಿಯನ್ನು ಅದರೊಳಗೆ ಎಸೆದು ಬಂದೆ.

ಆಮೇಲೆ ನಡೆದ ಮಹಾಸಂಗ್ರಾಮವನ್ನು ವರ್ಣಿಸುವ ಶಕ್ತಿ ನನಗಿಲ್ಲ. ಕೊನೆಗೆ ಅವಳು ಚೀಲ ತುಂಬಿಕೊಂಡು ಕುಬಸಕ್ಕೆ ಇನ್ನೂ ದಿನ ಇರುವಾಗಲೇ ತವರಿಗೆಂದು ಬಬಲೇಶ್ವರದ ಬಸ್ಸು ಹತ್ತಲು ಸಿದ್ಧಳಾದಳು. ನಾನೂ ಬಿಡಲಿಲ್ಲ. “ನಮ್ಮ ಇಂಡಿ ಲಿಂಬಿಹಣ್ಣು ಇರೂ ಮುಂದ ಯಾವ ಕ್ರೀಮು? ನಾ ಅದನ್ನ ಹಚ್ಚಿಕೊಂಡು ಕುಬಸಕ್ಕ ಬರ್ತೀನಿ. ಮಾರಿ ಹೊಳೀಲಿಲ್ಲಂದರ ನಿಮ್ಮ ಮಂದಿ ಮುಂದ ‘ತಪ್ಪಾತು’ ಅಂತೀನಿ.”

“ಯಲ್ಲಾಲಿಂಗನ ಮುಂದೂ ಅನ್ನಬೇಕು ಮತ್ತ,” ಎಂದಳು ಚಂದ್ರಕಲಾ.

ಪೆಟ್ಟು ಎಲ್ಲಿ ಹಾಕಬೇಕೆಂದು ಹೆಂಡತಿಗೆ ಗೊತ್ತಿರುತ್ತದೆ. ಯಲ್ಲಾಲಿಂಗ ನನ್ನ ಷಡ್ಡಕ, ಗೀತಾಂಜಲಿಯ ಗಂಡ, ತಿಕೋಟಾದಲ್ಲಿ ಡಾಕ್ಟರ್. ದನದ ಡಾಕ್ಟರ್. ಆದರೆ ಮಾವನ ಮನೆಯಲ್ಲಿ ಆ ‘ದನದ’ ಎಂಬ ಶಬ್ದವನ್ನು ನುಂಗಿ ಬರಿ ‘ಡಾಕ್ಟರ್ ಅಳಿಯಾರು’ ಎನ್ನುತ್ತಾರೆ. ಹಿರಿಯ ಅಳಿಯ ನಾನಾದರೂ ಮೊದಲ ಚಹಾ ಅವನಿಗೆ. ಅವನ ಮುಂದೆ ತಪ್ಪಾಯಿತು ಎನ್ನುವುದಕ್ಕಿಂತ ಕಸದ ಗಾಡಿಯಲ್ಲಿ ನಾನೇ ಕೂತು ಹೋಗುವುದು ಮೇಲು. ಆದರೂ ಒಪ್ಪಿದೆ, ಏಕೆಂದರೆ ಸೋಲುವ ಪ್ರಶ್ನೆಯೇ ಇರಲಿಲ್ಲ.

ಅವಳು ಹೋದ ದಿನದಿಂದಲೇ ನನ್ನ ಸೌಂದರ್ಯೋಪಾಸನೆ ಶುರುವಾಯಿತು. ಬೆಳಿಗ್ಗೆ ಎದ್ದು ಲಿಂಬೆಹಣ್ಣು ಹಿಂಡಿ ಮುಖಕ್ಕೆ ತಿಕ್ಕಿಕೊಳ್ಳುವುದು, ತೊಳೆಯದೆ ಹಾಗೇ ಸ್ಕೂಟರ್ ಹತ್ತಿ ಬಿಸಿಲಲ್ಲಿ ಕಚೇರಿಗೆ ಹೋಗುವುದು. ಮೊದಲು ಚುರುಚುರು ಎಂದಿತು. ಒಳಗಿನ ಹೊಲಸು ಸುಡುತ್ತಿದೆ ಎಂದುಕೊಂಡೆ. ಆಮೇಲೆ ಕೆಂಪಗಾಯಿತು, ತೇಜಸ್ಸು ಎಂದುಕೊಂಡೆ. ಸಣ್ಣ ಗುಳ್ಳೆಗಳೆದ್ದವು, ತೇಜಸ್ಸು ಸ್ವಲ್ಪ ಹೆಚ್ಚಾಯಿತೇನೋ ಎಂದುಕೊಂಡೆ. ಕುಬಸದ ದಿನ ಕನ್ನಡಿಯನ್ನೂ ಸರಿಯಾಗಿ ನೋಡದೆ ಕೊನೆಯ ಲೇಪನ ಮುಗಿಸಿ, ಸೂರ್ಯನಾರಾಯಣನ ಕೃಪೆಯೂ ಇರಲಿ ಎಂದು ಹೆಲ್ಮೆಟ್ಟಿನ ಗಾಜು ಮೇಲೆತ್ತಿ, ಬಬಲೇಶ್ವರ ದಾಟಿ ಜೈನಾಪುರ ಮುಟ್ಟಿದೆ.

ಹೊಸ್ತಿಲಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದ ಅತ್ತೆ ಸಾವಂತ್ರವ್ವ ಚೊಂಬನ್ನು ಕೈಬಿಟ್ಟರು.

“ಯಪ್ಪಾ! ಅಳಿಯಾರ, ಮಾರಿ ಏನಾತ್ರಿ? ಗಾಡಿ ಮ್ಯಾಲಿಂದ ಬಿದ್ರೇನು?”

ಒಳಗಿನಿಂದ ಹೆಂಗಸರೆಲ್ಲ ಓಡಿ ಬಂದರು. ಚಂದ್ರಕಲಾ ಕನ್ನಡಿ ತಂದು ನನ್ನ ಮುಂದೆ ಹಿಡಿದಳು. ರಸ ಇಳಿದ ದಾರಿಗುಂಟ ಎರಡೂ ಗಲ್ಲದ ಮೇಲೆ ಕಪ್ಪು ಗೆರೆ. ಹಣೆಯ ಮೇಲೆ ಹೆಂಚಿನಲ್ಲಿ ಮರೆತುಬಿಟ್ಟ ಜೋಳದ ರೊಟ್ಟಿಯಂತೆ ಸುಟ್ಟ ಕಲೆ. ಕನ್ನಡಿಯ ಮೇಲಿಂದ ಇಣುಕುತ್ತಿದ್ದ ಚಂದ್ರಕಲಾಳ ಮುಖ ಮಾತ್ರ ಹುಣ್ಣಿಮೆಯಂತೆ ಹೊಳೆಯುತ್ತಿತ್ತು. (ಬಸ್ಸು ಇಳಿದವಳೇ ಬಬಲೇಶ್ವರದಲ್ಲಿ ಅದೇ ಕ್ರೀಮಿನ ಇನ್ನೊಂದು ಡಬ್ಬಿ ಕೊಂಡಿದ್ದಳೆಂದು ಆಮೇಲೆ ತಿಳಿಯಿತು.)

ಅಷ್ಟರಲ್ಲಿ ದನದ ಕೊಟ್ಟಿಗೆಯಿಂದ ಯಲ್ಲಾಲಿಂಗ ಒಂದು ಕೈಯಲ್ಲಿ ಕ್ಯಾನು, ಇನ್ನೊಂದು ಕೈಯಲ್ಲಿ ಎಮ್ಮೆಗೆ ಔಷಧ ಕುಡಿಸುವ ಬಿದಿರಿನ ಗೊಟ್ಟ ಹಿಡಿದು ಹೊರಬಂದ. ಎಮ್ಮೆಯನ್ನು ನೋಡುವ ಕಣ್ಣಿನಿಂದಲೇ ನನ್ನನ್ನೂ ಒಮ್ಮೆ ನೋಡಿದ.

“ಅಣ್ಣಾರ, ಲಿಂಬಿರಸ ಹಚ್ಚಿಕೊಂಡು ಬಿಸಲಾಗ ತಿರುಗೀರೇನು? ಬಿಸಲು ಬಿತ್ತಂದರ ಅದು ಚರ್ಮಾ ಸುಡ್ತೈತ್ರಿ. ಮೊದಲ ತಣ್ಣೀರಲೆ ತೊಳಕೋರಿ.”

“ಲಿಂಬಿಹಣ್ಣು ನೈಸರ್ಗಿಕ!” ಎಂದು ನಾನು ಗುಡುಗಿದೆ. “ಗ್ಲೈಕಾಲಿನಂಥಾ ಇಸಾ ಅಲ್ಲ!”

ಸಾವಂತ್ರವ್ವ ಗೊಂದಲಕ್ಕೆ ಬಿದ್ದರು. “ಗಲ್ಲಾ ಕಾಲಾ ಅಂದರ ಏನ್ರಿ ಅದು? ಗಲ್ಲಕ್ಕ ಹಚ್ಚೂದೋ, ಕಾಲಿಗೆ ಹಚ್ಚೂದೋ?”

“ಅತ್ತೀ, ಕುಡಿಯೂದೂ ಐತಿ,” ಎಂದು ಯಲ್ಲಾಲಿಂಗ ಕ್ಯಾನು ಎತ್ತಿ ತೋರಿಸಿದ. “ಎಮ್ಮಿಗೆ ಕುಡಿಸಾಕತ್ತೇನಲ್ಲ, ಇದ ಪ್ರೊಪಿಲೀನ್ ಗ್ಲೈಕಾಲ್.”

“ಎಮ್ಮಿಗೆ ಇಸಾ ಕುಡಿಸ್ತೀಯೇನೋ ಮಾರಾಯಾ!” ಎಂದು ನಾನು ಚೀರಿದೆ.

ಈದ ಮೇಲೆ ಮೇವು ಬಿಟ್ಟು ಮಲಗಿದ್ದ ಎಮ್ಮೆ ನಾನು ವಿಷವೆಂದ ಈ ಔಷಧದಿಂದಲೇ ಎದ್ದು ನಿಂತಿದೆಯಂತೆ. ಅದು ಬಾಯಿ ತುಂಬ ಮೇವು ಮೆಲುಕು ಹಾಕುತ್ತ ನನ್ನ ಮುಖವನ್ನೇ ನೋಡುತ್ತಿತ್ತು. ಅದರ ಮೈಬಣ್ಣಕ್ಕೂ ನನ್ನ ಗಲ್ಲಕ್ಕೂ ಹೆಚ್ಚು ವ್ಯತ್ಯಾಸ ಉಳಿದಿರಲಿಲ್ಲ.

“ಇಸಾ ಇರೂದು ಎಥಿಲೀನ್ ಗ್ಲೈಕಾಲ್ ಅಣ್ಣಾರ,” ಎಂದ ಯಲ್ಲಾಲಿಂಗ. “ಬಹಳ ಮಾಡಿ ರೇಡಿಯೇಟರಿಗೆ ಅದನ್ನ ಹಾಕ್ತಾರ. ಇದು ಪ್ರೊಪಿಲೀನ್. ಕ್ರೀಮಿನ್ಯಾಗ, ಔಷಧದಾಗ, ತಿನ್ನೂ ಪದಾರ್ಥದಾಗ ಸೈತ ಅಳತಿ ಪ್ರಕಾರ ಹಾಕ್ತಾರ. ಕೆಲವರ ಚರ್ಮಕ್ಕ ಒಗ್ಗಂಗಿಲ್ಲ, ಅದಕ್ಕ ಮೊದಲ ಒಂದೀಟು ಹಚ್ಚಿ ನೋಡಬೇಕು. ಆ ಗ್ಲೈಕಾಲ್ ಬ್ಯಾರೆ, ಈ ಗ್ಲೈಕಾಲ್ ಬ್ಯಾರೆ. ಅಡ್ಡಹೆಸರು ಅಷ್ಟ ಒಂದು.”

ನನ್ನ ಜೀವಮಾನದ ಮಂತ್ರವನ್ನು ಷಡ್ಡಕನ ಬಾಯಲ್ಲಿ ಕೇಳಿ ನಾಚಿಕೆಯಿಂದ ನೆಲ ನೋಡಿದೆ. ಚಂದ್ರಕಲಾ ಕೆಮ್ಮಿದಳು. ಕೆಮ್ಮಿನ ಅರ್ಥ ನನಗೆ ಗೊತ್ತಿತ್ತು. ಕುಬಸಕ್ಕೆ ಬಂದ ಮಂದಿ, ಅತ್ತೆ, ಷಡ್ಡಕ, ಎಮ್ಮೆ, ಎಲ್ಲರ ಸಮಕ್ಷಮದಲ್ಲಿ “ತಪ್ಪಾತು” ಎಂದೆ. ಫೋಟೋದಲ್ಲಿ ನನ್ನ ತಲೆಗೆ ರುಮಾಲು ಸುತ್ತಿ, ಹುಬ್ಬಿನವರೆಗೆ ಇಳಿಸಿ, ಸಾಲಿನ ಕೊನೆಗೆ ನಿಲ್ಲಿಸಿದರು. ಮೊದಲ ಚಹಾ ಯಲ್ಲಾಲಿಂಗನಿಗೇ ಹೋಯಿತು.

ಊರಿಗೆ ಮರಳಿ ಚರ್ಮದ ಡಾಕ್ಟರರ ಕಡೆ ಹೋದೆವು. ಅವರು ಒಂದು ಟ್ಯೂಬು ಬರೆದುಕೊಟ್ಟರು. ಮನೆಗೆ ಬಂದು ಚಂದ್ರಕಲಾ ನನ್ನ ಚಾಳೀಸು ತಾನೇ ಏರಿಸಿಕೊಂಡು ನಿಧಾನವಾಗಿ ಓದಿದಳು.

“ಪ್ರೊಪಿಲೀನ್ ಗ್ಲೈಕಾಲ್. ಹಚ್ಚಲ್ಯೋ, ಕಸದ ಗಾಡಿಗೆ ಹಾಕಲ್ಯೋ?”

“ಹಚ್ಚು ಮಾರಾಯ್ತಿ.”

“ಮೊದಲ ಮೊಣಕೈ ಚಾಚ್ರಿ.”

ಮರುದಿನ ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ತೆರೆದರೆ ದಪ್ಪ ಮೀಸೆಯ ಆಸಾಮಿ, ಕೈಯಲ್ಲಿ ಬಡಿಗೆ.

“ನಿನ್ನೆ ನನ್ನ ತಮ್ಮನ್ನ ಬಡದ ಬಿರಾದಾರ ನೀನ ಏನು?”

“ಅಲ್ರಿ, ಆ ಬಿರಾದಾರ ಬ್ಯಾರೆ, ಈ ಬಿರಾದಾರ ಬ್ಯಾರೇರಿ!”

ಆತ ನನ್ನ ಹಣೆ, ಗಲ್ಲಗಳ ಮೇಲಿನ ಕಪ್ಪು ಕಲೆಗಳನ್ನು ಒಂದೊಂದಾಗಿ ನೋಡಿದ. “ಸುಳ್ಳು ಹೇಳಬ್ಯಾಡ. ನನ್ನ ತಮ್ಮನೂ ಮಾರಿ ಮ್ಯಾಲ ನಾಕು ಕೊಟ್ಟೇನಿ ಅಂದಾನ. ಕಾಣಾಕತ್ತೈತಲ್ಲ!”

“ಚಂದ್ರಕಲಾ!” ಎಂದು ಕೂಗಿದೆ. “ಲಗೂನ ಬಾ! ನಾ ಯಾವ ಬಿರಾದಾರ ಅಂತ ಇವರಿಗೆ ಹೇಳು!”

ಚಂದ್ರಕಲಾ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಬಡಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ಮುಖ ಫಳಫಳ ಹೊಳೆಯುತ್ತಿತ್ತು.

“ಬಿರಾದಾರ ಅಂದರ ಬಿರಾದಾರ್ರಿ. ಅದರಾಗ ಯಾವದು ಅಂತ ಏನು ಬಂತು? ಎಲ್ಲಾ ಒಂದ ಖಾಂದಾನ!”