ಮೋಟಪ್ಪನಿಗೆ ಮನೆ ಹುಡುಕಿದ್ದು

ಬೆಕ್ಕಿನ ಉಸಾಬರಿಗೆ ಬಿದ್ದವರಿಗೆ ಫಜೀತಿಗಳು ಒಂದಲ್ಲ ಒಂದು ಆಗುತ್ತಲೇ ಇರುತ್ತವೆ. ನಮಗೂ ಆದವು. ಓಣಿಯವರು ನಕ್ಕರು, ನಾವೂ ನಕ್ಕೆವು. ಈಗ ಹೇಳುವಾಗಲೂ ನಗು ಬರುತ್ತದೆ, ಅದರ ಬೆನ್ನಿಗೇ ಬೇಸರವೂ ಬರುತ್ತದೆ. ಯಾಕೆಂದರೆ ನಮ್ಮ ಕೈಯಿಂದ ಮನೆ ಸೇರಿದ ಅಷ್ಟೂ ಬೆಕ್ಕುಗಳಲ್ಲಿ ಒಂದೇ ಒಂದು ನನಗೆ ಬೇಕಾಗಿತ್ತು.

ಕೊಡುವವರು ಇಟ್ಟುಕೊಳ್ಳಬಾರದು

ಎರಡನೆಯ ಮಹಾಯುದ್ಧದ ಕಾಲ. ವಿಜಾಪುರದಲ್ಲಿ ಕಾಳು ರೇಷನ್ನು, ಅರಿವೆ ಕಂಟ್ರೋಲು, ಚಿಮಣಿ ಎಣ್ಣೆಗೆ ಸಾಲು. ಯಾವ ಕಂಟ್ರೋಲೂ ಇಲ್ಲದೆ ಬೆಳೆದದ್ದು ಇಲಿಗಳು ಮಾತ್ರ. ಕಾಳಿನ ಅಂಗಡಿಯವರು ಬೆಕ್ಕು ಬೇಕು, ಬೆಕ್ಕು ಬೇಕು ಎನ್ನುತ್ತಿದ್ದರು. ಇತ್ತ ಬೆಕ್ಕು ಮರಿ ಹಾಕಿದ ಮನೆಯವರು ಮರಿಗಳನ್ನು ಚೀಲದಲ್ಲಿ ತುಂಬಿ ಕೋಟೆಯ ಕಂದಕದ ಹತ್ತಿರ ಬಿಟ್ಟು ಬರುತ್ತಿದ್ದರು.

"ಅವರಿಗೆ ಬೇಕು, ಇವರಿಗೆ ಬ್ಯಾಡ. ನಡುವ ನಿಲ್ಲಾಕ ಯಾರರ ಬೇಕಲ್ಲೋ ತಮ್ಮಾ" ಎಂದಳು ನಮ್ಮ ಓಣಿಯ ಅಜ್ಜಿ. ಎಂದವಳು ತಾನೇ ನಿಂತಳು. ಜೊತೆಗೆ ಇಬ್ಬರನ್ನು ಎಳೆದುಕೊಂಡಳು. ಒಬ್ಬ ಟಾಂಗಾ ಹೊಡೆಯುವ ಚಾಚಾ, ಇನ್ನೊಬ್ಬ ನಾನು. ಚಾಚಾನ ಟಾಂಗಾ ಬೆಕ್ಕುಗಳ ವಾಹನವಾಯಿತು. ಸ್ಟೇಷನ್ ರಸ್ತೆಯಲ್ಲಿದ್ದ ನನ್ನ ಹೊಲಿಗೆ ಅಂಗಡಿ ಅವುಗಳ ಧರ್ಮಶಾಲೆಯಾಯಿತು. ಮುಂದೆ ಒಂದು ಮಿಷನ್ನು, ಹಿಂದೆ ಒಂದು ಖೋಲಿ. ಹೆಂಡತಿ ತೀರಿಕೊಂಡ ಮೇಲೆ ಆ ಖೋಲಿಯಲ್ಲಿ ನಾನೊಬ್ಬನೇ ಇರುತ್ತಿದ್ದೆ.

ಅಜ್ಜಿ ಮೊದಲ ದಿನವೇ ಒಂದು ಕಟ್ಟಳೆ ಮಾಡಿದಳು. ಕೊಡುವವರು ಯಾರೂ ಇಟ್ಟುಕೊಳ್ಳಬಾರದು. "ಇವತ್ತ ಒಂದ ಇಟಗೋತೀವಿ, ನಾಳೆ ಎಲ್ಲಾನೂ ಇಟಗೋತೀವಿ. ಆಮ್ಯಾಲ ಮಂದಿ ನಮ್ಮನ್ನ ಚೀಲದಾಗ ತುಂಬಿ ಕಂದಕಕ್ಕ ಬಿಟ್ಟ ಬರ್ತಾರ" ಎಂದಳು. ಹೇಳಿ ಸುಮ್ಮನಾಗಲಿಲ್ಲ. ತಾನು ಬೆರಳಲ್ಲಿ ಹಾಲುಣಿಸಿ ಬೆಳೆಸಿದ್ದ ಕೆಂದ ಬೆಕ್ಕನ್ನು ಎಲ್ಲಕ್ಕಿಂತ ಮೊದಲು ಚೌಕದ ಎಣ್ಣೆ ಅಂಗಡಿಗೆ ಕೊಟ್ಟು ಬಂದಳು. ಬಂದು ಎರಡು ದಿನ ಊಟ ಮಾಡಲಿಲ್ಲ. ಅಂಥವಳ ಮುಂದೆ ನಿಂತು "ನನಗೊಂದು ಇರಲಿ" ಎಂದು ಯಾವ ಬಾಯಿಂದ ಹೇಳುವುದು?

ಇಷ್ಟಾದ ಮೇಲೆ ನನ್ನ ಚಿಂದಿ ಬುಟ್ಟಿಯಲ್ಲಿ ಒಂದು ಬೂದಿಬಣ್ಣದ ಮರಿ ಬಂದು ಮಲಗಿತು. ಬಂಡಿಯ ಗಾಲಿಗೆ ಸಿಕ್ಕು ಬಾಲ ಅರ್ಧ ಹೋಗಿತ್ತು. ಅಜ್ಜಿ ಅದರ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು. "ಎಷ್ಟ ಲಕ್ಷಣ ಐತಿ ನೋಡು ಮಾರಿ. ಹೆಣ್ಣ ಇದು" ಎಂದು ತೀರ್ಪು ಕೊಟ್ಟಳು. ಮೋಟವ್ವ ಎಂದು ಹೆಸರಿಟ್ಟೆವು. ಅದು ಮಿಷನ್ನಿನ ಪೆಡಲಿನ ಮೇಲೆ ಮಲಗುತ್ತಿತ್ತು. ಅದನ್ನು ಎಬ್ಬಿಸಲು ಮನಸ್ಸು ಬರದೆ ಒಂದು ವಾರ ನಾನು ಎಲ್ಲ ಅಂಗಿಗಳನ್ನೂ ಕೈಯಲ್ಲೇ ಹೊಲಿದೆ. ಗಿರಾಕಿಯೊಬ್ಬರು ಹೊಲಿಗೆ ತಿರುವಿ ನೋಡಿ, "ಏನ ಮಾಸ್ತರ, ಮಿಷನ್ನೂ ಕಂಟ್ರೋಲಿಗೆ ಬಂತೇನ್ರಿ?" ಎಂದರು.

ಉಡಿ ತುಂಬಿದ್ದು

ಅಜ್ಜಿ ಹೆಣ್ಣುಮರಿಯನ್ನು ಬರಿಗೈಯಲ್ಲಿ ಕಳಿಸಿದವಳಲ್ಲ. ಮನೆಮಗಳು ಗಂಡನ ಮನೆಗೆ ಹೊರಟಂತೆ ಉಡಿ ತುಂಬಿಯೇ ಕಳಿಸಬೇಕು. ನನ್ನ ಅಂಗಡಿಯ ಖಣದ ಚೂರಿನಲ್ಲಿ ಅಕ್ಕಿ, ಅಡಿಕೆ, ಕೊಬ್ಬರಿ ಕಟ್ಟಿ ಬೆಕ್ಕಿನ ಬುಟ್ಟಿಯಲ್ಲಿ ಇಡುವಳು. ರೇಷನ್ ಕಾಲವಾದ್ದರಿಂದ ಹಿಡಿ ಅಕ್ಕಿಯ ಬದಲು ಚಿಟಿಕೆ ಅಕ್ಕಿ.

ಮೋಟವ್ವನಿಗೆ ಚೌಕದ ಕಾಳಿನ ಅಂಗಡಿ ಗೊತ್ತಾಯಿತು. ಸಂಬಂಧಿಕರ ಅಂಗಡಿಗಳಿಗೂ ಮರಿ ಬೇಕಾಗಿದ್ದರಿಂದ ಅವರು ಹೆಣ್ಣನ್ನೇ ಕೇಳಿದ್ದರು. ಅಜ್ಜಿ ಉಡಿ ತುಂಬಿದಳು, ಕಣ್ಣೀರು ಹಾಕಿದಳು. ನಾನು ಬುಟ್ಟಿ ಹೊತ್ತು ಕೊಟ್ಟು ಬಂದೆ. ಬಂದು ಪೆಡಲಿನ ಮೇಲೆ ಕಾಲಿಟ್ಟರೆ ಅದು ಸಲೀಸಾಗಿ ತಿರುಗಿತು. ಅಷ್ಟು ಸಲೀಸಾಗಿ ತಿರುಗಿದ್ದನ್ನೇ ನನಗೆ ಸಹಿಸಲಾಗಲಿಲ್ಲ.

ವರ್ಷ ಕಳೆದ ಮೇಲೆ ಅಂಗಡಿಯ ಸಾವಕಾರರ ತಾಯಿ ಬೆಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಅಜ್ಜಿಯ ಕಟ್ಟೆಗೇ ಬಂದರು.

"ಓಣ್ಯಾಗಿನ ಬೆಕ್ಕೆಲ್ಲಾ ಹಡದು ಬಾಣಂತನಾನೂ ಮುಗಿಸ್ಯಾವು. ನಿಮ್ಮ ಮಗಳ ಹೊಟ್ಟಿ ಇನ್ನೂ ತೆರದಿಲ್ಲ. ಇಂಥಾದ್ದನ್ನ ನಮ್ಮ ಕೊಳ್ಳಿಗೆ ಕಟ್ಟೀರೇನ್ರಿ?"

ಅಜ್ಜಿ ಬಿಡುವವಳೇ? "ನಮ್ಮ ಮಗಳಿಗೆ ಏನ ಕಡಿಮಿ ಆಗೇತ್ರಿ? ನೀವು ಹೊಟ್ಟಿ ತುಂಬ ಹಾಲ ಹಾಕೀರಿಲ್ಲೋ ಅದನ್ನ ಹೇಳ್ರಿ ಮೊದಲ!"

ಇಬ್ಬರೂ ಸೆರಗು ಸಿಕ್ಕಿಸಿದರು. ಓಣಿ ನೆರೆಯಿತು. ಅಜ್ಜಿಯ ಸೊಸೆ ಒಳಗಿನಿಂದ ನೀರು ತಂದಿಟ್ಟರೂ ಯಾರೂ ಮುಟ್ಟಲಿಲ್ಲ. ಅಷ್ಟರಲ್ಲಿ ಟಾಂಗಾ ನಿಲ್ಲಿಸಿ ಬಂದ ಚಾಚಾ ಬೆಕ್ಕನ್ನು ಎತ್ತಿಕೊಂಡ. ಮೋಟು ಬಾಲ ಸರಿಸಿ ಒಮ್ಮೆ ನೋಡಿದ, ಅನುಮಾನ ಬಂದು ಇನ್ನೊಮ್ಮೆ ನೋಡಿದ.

"ಅಜ್ಜೀ, ಜಗಳಾ ಸಾಕ ಮಾಡ್ರಿ. ಇದು ಮಗಳಲ್ಲ, ಮಗ."

ಸಾವಕಾರರ ತಾಯಿ ಬಾಯಿ ಮೇಲೆ ಸೆರಗು ಇಟ್ಟುಕೊಂಡರು. ಅಜ್ಜಿ ಮಾತ್ರ ತಲೆ ಎತ್ತಿ ಹೇಳಿದಳು: "ನೋಡ್ರಿ ಮತ್ತ. ನಮ್ಮ ಕಡಿಂದ ಏನೂ ತಪ್ಪಿಲ್ಲಂತ ನಾ ಮೊದಲ ಹೇಳಿದ್ದೆ!"

ತಿಕೋಟಾ ದಾರಿ

ಮೋಟವ್ವ ಮೋಟಪ್ಪನಾಗಿ ನನ್ನ ಅಂಗಡಿಗೆ ವಾಪಸ್ಸಾದ. ಎಲ್ಲರೆದುರು "ಅಯ್ಯೋ, ಕೆಲಸ ಕೆಟ್ಟಿತಲ್ಲ" ಎಂದೆ. ಒಳಗೊಳಗೇ ಹಬ್ಬ ಮಾಡಿದೆ. ಗಿರಾಕಿಗಳ ಕೋಟಿನ ಮೇಲೆಲ್ಲ ಅವನ ಕೂದಲು. ಆದರೆ ಅವನು ಇದ್ದರೆ ನಾನು ಮಾತಾಡುತ್ತಿದ್ದೆ. ಇಲ್ಲದಿದ್ದಾಗ ಅಳತೆ ಕೂಗುವುದು ಬಿಟ್ಟರೆ ನನ್ನ ಬಾಯಿಂದ ಬೇರೆ ಮಾತು ಬರುತ್ತಿರಲಿಲ್ಲ. ಹೆಂಡತಿ ಹೋದ ಮೇಲೆ ಆ ಖೋಲಿಯಲ್ಲಿ ಒಂದು ಜೀವ ಎದುರು ಕೂತು ನನ್ನ ಮಾತು ಕೇಳಿದ್ದು ಅದೇ ಮೊದಲು.

ತಿಕೋಟಾದ ಒಬ್ಬ ಸಾವಕಾರರು ಬೆಕ್ಕು ಬೇಕೆಂದು ಹೇಳಿ ಕಳಿಸಿದರು. ಅವರದು ಒಂದು ಷರತ್ತು ಇತ್ತು. "ಇಲಿ ಓಡಿಸಬೇಕ್ರಿ, ಕೊಲ್ಲಬಾರದು. ನಮ್ಮ ಮನ್ಯಾಗ ಹಿಂಸಾ ನಡ್ಯಾಂಗಿಲ್ಲ." ಅಜ್ಜಿ ಬಹಳ ಯೋಚಿಸಿ ಮೋಟಪ್ಪನನ್ನು ಆರಿಸಿದಳು. "ನಿನ್ನ ಅಂಗಡ್ಯಾಗ ಇಲಿ ಇವನ ಮೈಮ್ಯಾಲ ಹಾದು ಹೋದ್ರೂ ಕಣ್ಣ ತೆಗಿಯಂಗಿಲ್ಲ. ಇವನಷ್ಟ ಅಹಿಂಸಾದಂವ ಮತ್ತ ಯಾರೂ ಸಿಗಂಗಿಲ್ಲ" ಎಂದಳು. ನಾನೇ ಅವನ ಆಲಸ್ಯವನ್ನು ಹೊಗಳಿ ಹೊಗಳಿ ಹೇಳಿದ್ದೆ. ಅದೇ ಮುಳುವಾಯಿತು.

ಟಾಂಗಾದಲ್ಲಿ ನಮ್ಮ ಜೊತೆ ಇಬ್ಬರು ಹಿರಿಯರು ಹತ್ತಿದರು, ತಿಕೋಟಾಕ್ಕೆ ಹೆಣ್ಣು ನೋಡಲು ಹೊರಟವರು. ಊರು ದಾಟುವಷ್ಟರಲ್ಲಿ ಸೀಟಿನ ಕೆಳಗಿಂದ ಮೋಟಪ್ಪ ಕೂಗಿದ. ಹಿರಿಯರ ಮುಖ ಕಪ್ಪಿಟ್ಟಿತು.

"ಬೆಕ್ಕೇನೋ ಅದು? ಶುಭಕಾರ್ಯಕ್ಕ ಹೊಂಟೇವಿ. ಬೆಕ್ಕ ಅಡ್ಡ ಬಂದಂಗಾತು. ತಿರುಗಸು ಟಾಂಗಾ!"

ತಿರುಗಿಸು ಎಂದದ್ದೇ ನನಗೆ ಆಸೆ ಹುಟ್ಟಿತು. ತಿರುಗಿದರೆ ಮೋಟಪ್ಪ ನನ್ನವನು. ಆದರೆ ಚಾಚಾ ಲಗಾಮು ಸಡಿಲಿಸಲಿಲ್ಲ.

"ಅಡ್ಡ ಎಲ್ಲಿ ಬಂತ್ರಿ ಸಾಹೇಬ್ರ? ನಿಮ್ಮ ಜೋಡೀನ ಕುಂತ ಬರಾಕತ್ತೈತಿ. ನೀವು ಹೊಂಟ ದಾರೀನ ಅದರ ದಾರಿ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾತು ನ್ಯಾಯವಾಗಿಯೇ ಇತ್ತು. ಸ್ವಲ್ಪ ದೂರ ಹೋದ ಮೇಲೆ ಒಬ್ಬರು ಕೇಳಿದರು: "ಮುಂದ ಬ್ಯಾರೆ ಯಾವದರ ಬೆಕ್ಕ ಅಡ್ಡ ಬಂದ್ರ ಏನ ಮಾಡೂದು?"

"ಅದರ ಜೋಡಿ ಇವ ಮಾತಾಡಿ ಬಗಿಹರಸ್ತಾನ್ರಿ. ನೀವು ಆರಾಮ ಕುಂದರ್ರಿ" ಎಂದ ಚಾಚಾ.

ಸಂಬಂಧ ಕೂಡಿತು ಎಂದು ಆಮೇಲೆ ಕೇಳಿದೆವು. ಮೋಟಪ್ಪನದು ಮಾತ್ರ ಕೂಡಲಿಲ್ಲ. ನನ್ನ ಅಂಗಡಿಯಲ್ಲಿ ಒಂದು ಇಲಿಗೂ ಉಗುರು ತಾಗಿಸದವನು ತಿಕೋಟಾದ ಹಿಂಸೆಯಿಲ್ಲದ ಮನೆಯಲ್ಲಿ ಹುರುಪುಗೊಂಡ. ಸಾವಕಾರರು ಕಣ್ಣು ಮುಚ್ಚಿ ಪೂಜೆಗೆ ಕೂತಾಗ ಹೆಗ್ಗಣದಂಥ ಇಲಿಯನ್ನು ಹೊಡೆದು ತಂದು ಹೂವಿನ ತಟ್ಟೆಯ ಮಗ್ಗುಲಿಗೆ ಇಟ್ಟ. ಸಾವಕಾರರು ನಮ್ಮನ್ನು ಕರೆಸಿ, ಸಿಟ್ಟಿಗಿಂತ ಹೆಚ್ಚು ದುಃಖದಿಂದ ಹೇಳಿದರು: "ನಾ ದೇವರಿಗೆ ಹೂವು ಏರಿಸೀನಿ, ಇವ ಇಲಿ ಏರಿಸ್ಯಾನಲ್ರಿ!"

ಚಾಚಾ ಮೋಟಪ್ಪನನ್ನು ಎತ್ತಿ ಬುಟ್ಟಿಗೆ ಹಾಕುತ್ತ ಮೆಲ್ಲಗೆ ಎಂದ: "ಬಡವ ಅದಾನ್ರಿ ಸಾವಕಾರ್ರ, ತನ್ನ ಕೈಲಾದದ್ದ ಏರಿಸ್ಯಾನ."

ನಾನು ತೆಗೆದುಕೊಂಡ ಪರೀಕ್ಷೆ

ಮೂರನೆಯ ಕರೆ ಬಬಲೇಶ್ವರದಿಂದ ಬಂತು, ಒಂದು ಒಕ್ಕಲುತನದ ಮನೆಯಿಂದ. ಯಾವ ಮನೆಗೆ ಕೊಡುವ ಮೊದಲೂ ಅಜ್ಜಿ ತಾನೇ ಹೋಗಿ ಮನೆ ನೋಡಿ, ನಾಲ್ಕು ಮಾತು ಕೇಳಿ ಒಪ್ಪಬೇಕಿತ್ತು. ಈ ಸಲ ಅವಳಿಗೆ ಮೊಣಕಾಲು ಹಿಡಿದಿತ್ತು. "ನೀನ ಹೋಗಿ ಕೇಳು. ಮನಿ ಸರಿ ಅನಸಲಿಲ್ಲಂದ್ರ ವಾಪಸ್ ತೊಗೊಂಡ ಬಾ" ಎಂದಳು. ವಾಪಸ್ ಎಂಬ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಆಗ ಪೆಟ್ರೋಲು ಸಿಗದೆ ಮೋಟಾರುಗಳು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದೂ ದೊಡ್ಡ ಮಾತೇ. ಏರು ಬಂದಲ್ಲಿ ಕೆಮ್ಮಿ ನಿಲ್ಲುವುದು, ನಾವೆಲ್ಲ ಇಳಿದು ತಳ್ಳುವುದು. ಇಳಿಯದೆ ಕೂತಿದ್ದವನು ಮೋಟಪ್ಪ ಒಬ್ಬನೇ.

ಆ ಮನೆಯ ಯಜಮಾನಿ ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂರಿಸಿದಳು. ನಾನು ಶುರು ಮಾಡಿದೆ. ಅವರು ಎಲ್ಲಿಯಾದರೂ ಎಡವಲಿ ಎಂದು ಅಜ್ಜಿ ಕೇಳದ ಪ್ರಶ್ನೆಗಳನ್ನೂ ಹುಟ್ಟಿಸಿಕೊಂಡು ಕೇಳಿದೆ.

"ಹಾಲಿಂದು ಹೆಂಗ್ರಿ?"

"ಎಮ್ಮಿ ಅದಾವ್ರಿ."

"ಎಮ್ಮಿ ಬತ್ತಿದ್ರ?"

"ಆಕಳಾ ಐತ್ರಿ."

"ಹಗಲ್ಹೊತ್ತು ಮನ್ಯಾಗ ಯಾರಿರ್ತಾರ? ಬೆಕ್ಕ ಒಂದನ್ನ ಬಿಟ್ಟ ಹೋಗಬಾರದು."

"ಅತ್ತಿ ಇರ್ತಾರ್ರಿ, ನಾ ಇರ್ತೀನಿ, ನಾದಿನೀನೂ ಇರ್ತಾಳ."

ನನಗೆ ಬೆವರು ಬಂತು. "ಸೂಜಿ ಕತ್ತರಿ ನೆಲದ ಮ್ಯಾಲ ಬಿದ್ದಿರ್ತಾವೇನು? ಕಾಲಿಗೆ ಚುಚ್ಚತಾವ."

"ನಮ್ಮಂಥಾ ಮನ್ಯಾಗ ಸೂಜಿ ಯಾರ ಹಿಡೀತಾರ್ರಿ? ಅರಿವಿ ಹರದ್ರ ನಿಮ್ಮಂಥವರ ಕಡೆ ಕಳಸ್ತೀವಿ."

"ಮುನಿಸಿಕೊಂಡು ಊಟ ಬಿಟ್ರ?"

"ರಮಿಸಿ ಉಣಸ್ತೀವ್ರಿ."

ಕೇಳಲು ಇನ್ನೇನೂ ಉಳಿಯಲಿಲ್ಲ. ಬುಟ್ಟಿಯ ಮುಚ್ಚಳ ತೆಗೆದೆ. ಮೋಟಪ್ಪ ಇಳಿದು, ಮನೆಯನ್ನೆಲ್ಲ ಒಂದು ಸುತ್ತು ಮೂಸಿ, ಒಲೆಯ ಹತ್ತಿರ ಕೂತ. ಯಜಮಾನಿ ಕಣ್ಣು ಒರೆಸಿಕೊಂಡು ನನ್ನನ್ನು ನೋಡಿದಳು.

"ಎಷ್ಟ ಕಾಳಜಿ ಐತ್ರಿ ನಿಮಗ! ನಮ್ಮಪ್ಪ ನನ್ನ ಈ ಮನಿಗೆ ಕೊಡುವಾಗ ಇದರಾಗ ಒಂದ ಮಾತೂ ಕೇಳಿದ್ದಿಲ್ಲ."

ನಾನು ಕೂತ ಪರೀಕ್ಷೆ

ಚೌಕದಿಂದ ಬಂದ, ತಿಕೋಟಾದಿಂದ ಬಂದ, ಬಬಲೇಶ್ವರದಿಂದಲೂ ಬರುತ್ತಾನೆ ಎಂದು ಕಾದೆ. ಬರಲಿಲ್ಲ. ಸುಖವಾಗಿದ್ದಾನೆ ಎಂಬ ಸುದ್ದಿ ಬಂತು. ನಾವು ಈ ಕೆಲಸ ಮಾಡುತ್ತಿದ್ದುದು ಆ ಸುದ್ದಿಗಾಗಿಯೇ. ಹಾಗಿದ್ದೂ ಅದನ್ನು ಕೇಳಿದ ದಿನ ಒಂದು ಜಂಪರಿಗೆ ಮೂರು ತೋಳು ಕತ್ತರಿಸಿದೆ.

ಅಜ್ಜಿ ನನ್ನ ಮುಖ ನೋಡಿ ನೋಡಿ ಒಂದು ದಿನ ತಾನೇ ಬಾಯಿಬಿಟ್ಟಳು. "ನಿನಗ ಅವ ಬೇಕಾಗಿದ್ದ ಹೌದಿಲ್ಲೋ? ಹೇಳಾಕ ಏನಾಗಿತ್ತೋ, ಬಾಯಿಗೆ ಹೊಲಿಗಿ ಹಾಕ್ಕೊಂಡಿದ್ದೇನ?"

"ನೀನು ನಿನ್ನ ಕೆಂದ ಬೆಕ್ಕ ಕೊಟ್ಟ ಮ್ಯಾಲೆ ನಾ ಹೆಂಗ ಕೇಳಲಿ ಅಜ್ಜೀ?"

ಅಜ್ಜಿ ನನ್ನ ಹತ್ತಿರ ಸರಿದು ಕೂತಳು. "ನಾ ಕೊಟ್ಟ ಮ್ಯಾಲೆ ಎಷ್ಟ ಮರಗೀನಿ ಅಂತ ನನಗ ಗೊತ್ತು. ಇನ್ನೊಬ್ಬರು ಅದನ್ನ ಅನುಭವಿಸೂದು ಬ್ಯಾಡ. ಕಟ್ಟಳೆ ಮಾಡಿದಾಕಿ ನಾನು, ಮುರ್ಯಾಕಿನೂ ನಾನ. ಹೋಗು, ಹೇಳಿ ಕೇಳಿ ಕರಕೊಂಡ ಬಾ."

ಅವತ್ತು ಮೋಟಾರು ತಳ್ಳುವಾಗ ಎಲ್ಲರಿಗಿಂತ ಜೋರಾಗಿ ತಳ್ಳಿದವನು ನಾನು.

ಮೋಟಪ್ಪ ದುಂಡಗಾಗಿದ್ದ. ನನ್ನ ಪಾದ ಮೂಸಿದ, ಕಾಲಿಗೆ ಒಮ್ಮೆ ಮೈ ಉಜ್ಜಿದ, ಆಮೇಲೆ ಹೋಗಿ ಮುದುಕಿ ಅತ್ತೆಯ ತೊಡೆಯ ಮೇಲೆ ಕೂತ. ನಾನು ಸಂಕೋಚದಿಂದಲೇ ಬಂದ ಕಾರಣ ಹೇಳಿದೆ. ಯಜಮಾನಿ ಸಿಟ್ಟು ಮಾಡಲಿಲ್ಲ. ಕಂಬಳಿ ಹಾಸಿದಳು, ಎದುರಿಗೆ ಕೂತಳು.

"ಕೊಡೂದೇನ ದೊಡ್ಡದಲ್ರಿ, ನಿಮ್ಮ ಬೆಕ್ಕ. ಆದ್ರ ನೀವ ಹೇಳಿಕೊಟ್ಟಿದ್ದು, ಕೇಳಬೇಕಲ್ರಿ. ಹಾಲಿಂದು ಹೆಂಗ?"

"ಗೌಳಿ ತಂದ ಹಾಕ್ತಾನ್ರಿ... ಬಂದ ದಿನ."

"ಹಗಲ್ಹೊತ್ತು ಮನ್ಯಾಗ ಯಾರಿರ್ತಾರ?"

"ನಾ ಮುಂದ ಅಂಗಡ್ಯಾಗ ಇರ್ತೀನ್ರಿ. ಖೋಲ್ಯಾಗ... ಯಾರೂ ಇಲ್ರಿ."

ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಮೋಟಪ್ಪನ ಬೆನ್ನ ಮೇಲೆ ಕೈ ಬಿಗಿ ಮಾಡಿದರು.

"ಸೂಜಿ, ಕತ್ತರಿ?"

ನಾನು ಟೇಲರು. ಅಂಗಿಯ ಕಾಲರಿಗೆ ಸಿಕ್ಕಿಸಿಕೊಂಡಿದ್ದ ಸೂಜಿಯನ್ನು ಕೈಯಿಂದ ಮುಚ್ಚಿಕೊಂಡೆ. ಅವಳಿಗೆ ನಿಜವಾಗಿಯೂ ಕೆಟ್ಟೆನಿಸಿತ್ತು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು, ಮಜ್ಜಿಗೆ ಕೊಟ್ಟಳು. ಬಾಗಿಲವರೆಗೆ ಬಂದು, "ಮನಸ್ಸಿಗೆ ಹಚಗೋಬ್ಯಾಡ್ರಿ, ಮನಿ ಸರಿ ಇಲ್ಲ ಅಷ್ಟ. ನೀವು ಭಾಳ ಛಲೋ ಮನಷ್ಯಾರು" ಎಂದಳು. ಮೋಟಪ್ಪ ತೊಡೆಯಿಂದ ಏಳಲಿಲ್ಲ. ಎದ್ದಿದ್ದರೆ ಏನು ಮಾಡುತ್ತಿದ್ದೆನೋ ನನಗೇ ಗೊತ್ತಿಲ್ಲ. ದಾರಿಯುದ್ದಕ್ಕೂ ಒಂದೇ ಮಾತು ಕೊರೆಯುತ್ತಿತ್ತು. ಚಿಂದಿ ಬುಟ್ಟಿಯಲ್ಲಿ ಮಲಗಿದ ಮೊದಲ ದಿನವೇ ಬಾಯಿ ತೆರೆದು ಕೇಳಿದ್ದರೆ ಅವನು ನನ್ನ ಹತ್ತಿರವೇ ಇರುತ್ತಿದ್ದ.

ಕಟ್ಟೆಯ ಮೇಲೆ ಅಜ್ಜಿಯೂ ಚಾಚಾನೂ ಕಾಯುತ್ತಿದ್ದರು. ಬರಿ ಬುಟ್ಟಿ ನೋಡಿ ಇಬ್ಬರೂ ಎದ್ದು ನಿಂತರು. ನಾನು ಕೂತು ನಡೆದದ್ದನ್ನೆಲ್ಲ ಹೇಳಿದೆ. ಯಜಮಾನಿ ಕೇಳಿದ ಒಂದೊಂದು ಪ್ರಶ್ನೆ, ನಾನು ಕೊಟ್ಟ ಒಂದೊಂದು ಉತ್ತರ. ಅಜ್ಜಿ ಕಣ್ಣು ಮುಚ್ಚಿ ಕೇಳಿದಳು, ಗೌಳಿಯ ಮಾತು ಬಂದಾಗ ನಿಟ್ಟುಸಿರು ಬಿಟ್ಟಳು, ಕೊನೆಗೆ ನನ್ನ ತಲೆಯ ಮೇಲೆ ಕೈ ಇಟ್ಟಳು. ಸಮಾಧಾನ ಹೇಳುತ್ತಾಳೆ ಎಂದುಕೊಂಡೆ.

"ಬ್ಯಾಸರ ಮಾಡ್ಕೋಬ್ಯಾಡ ತಮ್ಮಾ. ಖರೇ ಹೇಳ್ತೀನಿ, ನಾನಿದ್ರೂ ನಿನಗ ಕೊಡತಿದ್ದಿಲ್ಲ."