ಮನೆಗೊಂದು ನೀರು ಪರೀಕ್ಷೆ

“ಈ ಸಲ ಸಮುದ್ರವೇ ಬಂದು ಬಾಗಿಲು ತಟ್ಲಿ, ಒಂದು ಹನಿ ಒಳಗೆ ಬಿಟ್ರೆ ನಾನು ಮೇಸ್ತ್ರಿಯೇ ಅಲ್ಲ!”

ದೋಣಿ ಮೇಸ್ತ್ರಿ ಹೀಗೆಂದು ಘೋಷಿಸಿದ್ದು ಭಾನುವಾರ ಬೆಳಿಗ್ಗೆ, ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡೇ. ಕೇಳಿಸಿಕೊಂಡವರು ಇಬ್ಬರು. ಮಂಚದ ಮೇಲೆ ಕೂತಿದ್ದ ತಾಯಿಗೆ ಅರ್ಧ ಕೇಳಿಸಿತು. ಹೆಂಡತಿಗೆ ಪೂರ್ತಿ ಕೇಳಿಸಿತು, ಆದರೆ ಅವಳು ಅರ್ಧವನ್ನೂ ನಂಬಲಿಲ್ಲ.

“ನಿಮ್ಮ ಶಪಥ ಹಾಗಿರ್ಲಿ ರೀ. ಮೊದ್ಲು ವಿಮೆ ಆಗ್ಲಿ.”

ಅವಳು ಅಂಚೆ ಕಚೇರಿಯ ಕೌಂಟರಿನಲ್ಲಿ ಹದಿನೆಂಟು ವರ್ಷ ಕೂತವಳು. ಕಾಗದದ ಮೇಲೆ ಮೊಹರು ಬಿದ್ದರೆ ಮಾತ್ರ ಅವಳಿಗೆ ನೆಮ್ಮದಿ. ಹೋದ ಮಳೆಗಾಲದಲ್ಲಿ ಉಬ್ಬರದ ನೀರು ಪಕ್ಕದ ಮನೆಯ ಮೂರನೆಯ ಮೆಟ್ಟಿಲವರೆಗೆ ಬಂದು, ಒಳಗೆ ಯಾರಿದ್ದಾರೆಂದು ಇಣುಕಿ ಹೋಗಿತ್ತು. ಅಂದಿನಿಂದ ಆಕಾಶದಲ್ಲಿ ಒಂದು ಮೋಡ ಕಂಡರೆ ಸಾಕು, ಅವಳು ಬೀರುವಿನ ಕೆಳಖಾನೆಯ ಬಟ್ಟೆಗಳನ್ನೆಲ್ಲ ಮೇಲಿನ ಖಾನೆಗೆ ಸಾಗಿಸುತ್ತಿದ್ದಳು. ಸಾಗಿಸಿ ಸಾಗಿಸಿ ಸಾಕಾಗಿ ಪ್ರವಾಹ ವಿಮೆಗೆ ಅರ್ಜಿ ಹಾಕಿದ್ದಳು. ಒಪ್ಪಿಗೆ ಸಿಕ್ಕ ಮೂವತ್ತು ದಿನಗಳ ನಂತರವಷ್ಟೇ ವಿಮೆ ಜಾರಿಗೆ ಬರುತ್ತದೆ. ಮಳೆಗಾಲಕ್ಕೆ ಉಳಿದಿದ್ದುದು ಮೂವತ್ತೈದು ದಿನ. ಗುರುವಾರ ಸಂಜೆ ಸರ್ವೇಯರ್ ಬಂದು ಮನೆ ನೋಡಿ ಒಪ್ಪಬೇಕು. ಒಪ್ಪದಿದ್ದರೆ ಈ ಮಳೆಗಾಲವೂ ಬಟ್ಟೆ ಸಾಗಾಣಿಕೆಯಲ್ಲೇ ಕಳೆಯುವುದು ಖಚಿತ.

“ಗುರುವಾರದವರೆಗೆ ನೀವು ಮನೆಗೆ ಏನೂ ಮಾಡ್ಬೇಡಿ. ಅಷ್ಟು ಉಪಕಾರ ಸಾಕು.”

“ಏನೂ ಮಾಡ್ಬೇಡ ಅಂದ್ರೆ? ಆ ಸರ್ವೇಯರ್ ಮೂಗಿನ ಮೇಲೆ ಬೆರಳಿಡೋ ಹಾಗೆ ಮಾಡ್ತೀನಿ, ನೋಡ್ತಿರು!”

ಮೇಸ್ತ್ರಿಯ ದೃಷ್ಟಿಯಲ್ಲಿ ದೋಣಿಗೂ ಮನೆಗೂ ಇರುವ ವ್ಯತ್ಯಾಸ ಒಂದೇ: ದೋಣಿಗೆ ಅಡುಗೆಮನೆ ಇರುವುದಿಲ್ಲ. ಹೀಗಾಗಿ ಹಿಂಬಾಗಿಲಿಗೂ ಮುಂಬಾಗಿಲಿಗೂ ಮೊಣಕಾಲೆತ್ತರದ ಹಲಗೆಗಳನ್ನು ಅಡ್ಡ ಬಡಿದ. ಸಂದುಗಳಿಗೆ ಎಣ್ಣೆಯಲ್ಲಿ ನೆನೆಸಿದ ನೂಲಿನ ಹುರಿ ತುರುಕಿ, ಮೇಲೆ ಟಾರು ಬಳಿದ. ಬಚ್ಚಲಿನ ನೀರು ಹೋಗುವ ತೂತಿಗೆ ಮರದ ಬೆಣೆ ಹೊಡೆದ. ಮೂರು ದಿನ ಮಂಡಿಯೂರಿಯೇ ಓಡಾಡಿದ. ಒಂದೊಂದು ಸಂದನ್ನೂ ಉಗುರಿನಿಂದ ಕೆರೆದು ನೋಡಿದ. ಮನಸ್ಸಿಗೆ ಬಾರದಿದ್ದರೆ ಕಿತ್ತು ಮತ್ತೆ ತುರುಕಿದ.

“ಮಗಾ, ನಾನು ಮಲಗಿರೋದು ಮನೇಲೋ, ರಸ್ತೇಲೋ?” ಎಂದರು ತಾಯಿ.

“ಮನೇಲೇ ಅಮ್ಮಾ. ಯಾಕೆ?”

“ಟಾರಿನ ವಾಸನೆ ಬರ್ತಿದೆ. ಅದಕ್ಕೇ ಕೇಳ್ದೆ.”

ಗುರುವಾರ ಬೆಳಿಗ್ಗೆ ಹೆಂಡತಿ ಹಲಗೆ ದಾಟಿ ಕೆಲಸಕ್ಕೆ ಹೋದಳು. ಕೆಲಸವೇನೋ ಮುಗಿದಿತ್ತು, ಆದರೆ ಮೇಸ್ತ್ರಿಗೆ ಸಮಾಧಾನವಿಲ್ಲ. ದೋಣಿ ಕಟ್ಟುವವರಲ್ಲಿ ಒಂದು ಕ್ರಮವಿದೆ. ಸಮುದ್ರಕ್ಕೆ ಇಳಿಸುವ ಮೊದಲು ದೋಣಿಯನ್ನು ನೆಲದ ಮೇಲೆ ನಿಲ್ಲಿಸಿ, ಅದರೊಳಗೆ ನೀರು ತುಂಬುತ್ತಾರೆ. ಎಲ್ಲಾದರೂ ಬಿರುಕಿದ್ದರೆ ನೀರು ಹೊರಗೆ ಜಿನುಗಿ ಚಾಡಿ ಹೇಳುತ್ತದೆ. ಈ ಪರೀಕ್ಷೆ ಮಾಡದೆ ಅವನು ಒಂದು ದೋಣಿಯನ್ನೂ ಕೈಬಿಟ್ಟವನಲ್ಲ.

ಕರೆಂಟಿನ ಮೇನ್ ಸ್ವಿಚ್ ಆರಿಸಿದ. ಕುರ್ಚಿಗಳನ್ನು ಮೇಜಿನ ಮೇಲೇರಿಸಿದ. ನಲ್ಲಿಗೆ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ನಡುಮನೆಗೆ ಬಿಟ್ಟ!

“ಮಗಾ, ಮಂಚ ತೇಲುತ್ತಾ?” ತಾಯಿ ಕಾಲು ಮೇಲೆಳೆದುಕೊಂಡರು.

“ತೇಲಲ್ಲಮ್ಮ. ನೀನು ಕೂತಿದ್ದೀಯಲ್ಲ.”

ನೀರು ಒಂದು ಗೇಣು ಏರಿತು. ಮೇಸ್ತ್ರಿ ನಲ್ಲಿ ನಿಲ್ಲಿಸಿ, ಹೊರಗೆ ಬಂದು ಮನೆಯ ಸುತ್ತ ಬಗ್ಗಿ ಬಗ್ಗಿ ನೋಡಿದ. ಗೋಡೆ ಒಣಗಿದೆ, ಮೆಟ್ಟಿಲು ಒಣಗಿದೆ. ಒದ್ದೆಯಾಗಿದ್ದುದು ಅವನ ಕಣ್ಣುಗಳು ಮಾತ್ರ!

ಆ ಆನಂದಬಾಷ್ಪ ಒರೆಸಿಕೊಳ್ಳುವಷ್ಟರಲ್ಲಿ ಗೇಟು ಕಿರ್ರೆಂದಿತು. ಸರ್ವೇಯರ್ ನೋಡಬೇಕಾಗಿದ್ದ ಬೇರೊಂದು ಮನೆಗೆ ಬೀಗ ಬಿದ್ದಿತ್ತಂತೆ. ಸಂಜೆಯವರೆಗೆ ಕಾಯುವುದೇಕೆಂದು, ಈ ಮನೆಯ ದಾರಿ ಕೇಳಲು ಅಂಚೆ ಕಚೇರಿಗೆ ಹೋದರೆ, ಕೌಂಟರಿನಲ್ಲಿ ಸಿಕ್ಕಿದ್ದು ಇವನ ಹೆಂಡತಿಯೇ. ಅವಳೇ ಸಂಭ್ರಮದಿಂದ ಕರೆತಂದಿದ್ದಳು.

“ಬನ್ನಿ ಮೇಡಂ, ಮನೆ ಚಿಕ್ಕದು, ಆದ್ರೆ ಒಣಗಿ ಗರಿಗರಿ ಅಂತ ಇದೆ” ಎನ್ನುತ್ತಾ ಹೆಂಡತಿ ಬಾಗಿಲು ತಳ್ಳಿದಳು.



“ಇದೇನಿದು?” ಎಂದರು ಸರ್ವೇಯರ್.

“ನೀರು” ಎಂದ ಮೇಸ್ತ್ರಿ. ಸತ್ಯವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ಅವನಿಗೆ ಬರಲಿಲ್ಲ.

“ಪೈಪ್ ಒಡೀತಾ?”

“ಇಲ್ಲ ಮೇಡಂ, ನಾನೇ ತುಂಬ್ಸಿದ್ದು. ಒಂದು ಹನಿ ಆಚೆ ಹೋಗಿದ್ರೆ ಕೇಳಿ!”

ಹೆಂಡತಿಯ ಹದಿನೆಂಟು ವರ್ಷ ಮೊಹರು ಒತ್ತಿದ ಬಲಗೈ ಗಾಳಿಯಲ್ಲೇ ಒಮ್ಮೆ ಬಲವಾಗಿ ಒತ್ತಿತು.

ಸರ್ವೇಯರ್ ಶೂ ಬಿಚ್ಚಿ ಮೆಟ್ಟಿಲ ಮೇಲಿಟ್ಟರು. ಹಲಗೆಯಾಚೆ ಬಗ್ಗಿ ನೀರಿಗೆ ಅಳತೆಪಟ್ಟಿ ಇಳಿಸಿದರು.

“ಎಂಟು ಇಂಚು. ನಮ್ಮ ಫಾರಂನ ಏಳನೇ ಪ್ರಶ್ನೆ ನೋಡಿ: ಮನೆಯೊಳಗೆ ನೀರು ನಿಂತಿದೆಯೇ? ನಿಂತಿದ್ರೆ ನಾನು ಇಲ್ಲಿ ಒಪ್ಪಿಗೆ ಕೊಡೋ ಹಾಗಿಲ್ಲ. ಕಡತ ಮುಖ್ಯ ಕಚೇರಿಗೆ ಹೋಗುತ್ತೆ. ಎರಡು ತಿಂಗಳು.”

“ಎರಡು ತಿಂಗಳಾ!” ಹೆಂಡತಿಯ ದನಿ ನಡುಗಿತು. “ಅಷ್ಟರಲ್ಲಿ ಮಳೆಗಾಲ ಬಂದು ನಡುಮನೇಲಿ ಕೂತಿರುತ್ತೆ ಮೇಡಂ!”

ಆ ದನಿ ಕೇಳಿ ಮೇಸ್ತ್ರಿ ಹೆಂಡತಿಯ ಮುಖ ನೋಡಿದ. ಆದರೆ ಸೋಲೊಪ್ಪುವ ಜಾಯಮಾನ ಅವನದಲ್ಲ.

“ನಿಂತಿದ್ರೆ ತಾನೇ ಪ್ರಶ್ನೆ? ಈಗ್ಲೇ ಓಡಿಸ್ತೀನಿ!”

ಬಚ್ಚಲಿಗೆ ನುಗ್ಗಿ ಬೆಣೆಗೆ ಕೈ ಹಾಕಿದ. ನೀರು ಕುಡಿದ ಮರ ಉಬ್ಬಿ ಗಟ್ಟಿಯಾಗಿ ಕೂತಿತ್ತು. ಇಕ್ಕಳ ಹಾಕಿದ, ಸುತ್ತಿಗೆಯಿಂದ ಬಡಿದ, ಬಾಯಿಗೆ ಬಂದಂತೆ ಬೈದ. ಊಹೂಂ! ಮೇಸ್ತ್ರಿ ಹೊಡೆದ ಬೆಣೆ ಮೇಸ್ತ್ರಿಗೂ ಜಗ್ಗಲಿಲ್ಲ. ಉಳಿದದ್ದು ಒಂದೇ ದಾರಿ. ಉಳಿ ಹಿಡಿದು ಮುಂಬಾಗಿಲಿಗೆ ಬಂದು, ಮೂರು ದಿನ ಕೂತು ತುರುಕಿದ್ದ ಹುರಿಯನ್ನು ತಾನೇ ಕೀಳತೊಡಗಿದ. ಹಲ್ಲು ಕೀಳಿಸಿಕೊಳ್ಳುವವನಂತೆ ಅವನ ಮುಖ ಕಿವುಚಿಕೊಂಡಿತ್ತು.

“ಪಕ್ಕಕ್ಕೆ ಸರೀರಿ!”

ಹಲಗೆ ಫಟ್ಟೆಂದು ಕಿತ್ತುಬಂತು. ಒಂದು ಗೇಣು ನೀರು ಭೋರೆಂದು ಮೆಟ್ಟಿಲಿಳಿದು ಗೇಟು ದಾಟಿತು.

“ಅಯ್ಯೋ, ನನ್ನ ಶೂ!” ಸರ್ವೇಯರ್ ಕಿರುಚಿದರು.

ಶೂಗಳು ಒಂದರ ಹಿಂದೊಂದು ಶಿಸ್ತಾಗಿ ಬೀದಿಗೆ ಇಳಿದಿದ್ದವು. ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬೆನ್ನಟ್ಟಿದಳು. ಬೀದಿಯ ತಿರುವಿನ ಚರಂಡಿಯ ಬಾಯಲ್ಲಿ ಎರಡನ್ನೂ ಹಿಡಿದು, ಕಳ್ಳರನ್ನು ಹಿಡಿದು ತಂದವಳಂತೆ ಏದುಸಿರು ಬಿಡುತ್ತಾ ಬಂದಳು.

ಸರ್ವೇಯರ್ ಬರಿಗಾಲಲ್ಲಿ ಮೆಟ್ಟಿಲ ಮೇಲೆ ಕೂತು, ನಿಯಮಗಳ ಪುಸ್ತಕವನ್ನು ಬೆರಳಿಟ್ಟು ಓದುತ್ತಿದ್ದರು. ಗಂಡ ಹೆಂಡತಿ ಆ ಬೆರಳನ್ನೇ ನೋಡುತ್ತಾ ನಿಂತರು.

“ಇಲ್ಲಿದೆ,” ಎಂದರು ಕೊನೆಗೆ. “ನಿಂತ ನೀರು ಪ್ರವಾಹದ್ದಾಗಿದ್ರೆ ಮಾತ್ರ ಮುಖ್ಯ ಕಚೇರಿಗೆ ಕಳಿಸ್ಬೇಕು. ಪ್ರವಾಹ ಅಂದ್ರೆ ಹೊರಗಿಂದ ಒಳಗೆ ಬರೋ ನೀರು. ಇದು ಒಳಗಿಂದ ಹೊರಗೆ ಹೋಗಿದೆ. ಅದೂ ನನ್ನ ಶೂ ಸಮೇತ. ಒಪ್ಪಿಗೆ ಕೊಡ್ತೀನಮ್ಮ, ಇವತ್ತೇ.”

ಹೆಂಡತಿ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಮೇಸ್ತ್ರಿಯ ಎದೆ ಮತ್ತೆ ಉಬ್ಬಿತು.

“ಒಂದು ತೊಡಕಿದೆ,” ಸರ್ವೇಯರ್ ಪೆನ್ನು ತೆಗೆದರು. “ನೀರು ನಿಲ್ಲೋಕೆ ಕಾರಣ ಏನೂಂತ ಒಂದು ಪದದಲ್ಲಿ ಬರೀಬೇಕು. ಪೈಪ್ ಒಡೆದಿಲ್ಲ, ಚಾವಣಿ ಸೋರಿಲ್ಲ. ನೆಟ್ಟಗಿರೋ ಮನೆಗೆ ಬೇಕೂಂತ ನೀರು ತುಂಬ್ಸೋದಕ್ಕೆ ನಮ್ಮ ಕಚೇರೀಲಿ ಪದವೇ ಇಲ್ವಲ್ಲ!”

“‘ಜಲಪರೀಕ್ಷೆ’ ಅಂತ ಬರೀರಿ ಮೇಡಂ” ಎಂದ ಮೇಸ್ತ್ರಿ, ಗಂಭೀರವಾಗಿ.

“ನೀವು ಸುಮ್ನಿರಿ.” ಹೆಂಡತಿ ಮುಂದೆ ಬಂದು ಪೆನ್ನು ಇಸಿದುಕೊಂಡಳು. “ನಮ್ಮನೇಲಿ ಅದಕ್ಕೊಂದು ಪದ ಇದೆ ಮೇಡಂ. ಮದುವೆ ಆದಾಗಿಂದ ದಿನಾ ಕೂಗ್ತಾನೇ ಇದ್ದೀನಿ.”

“ಏನಮ್ಮ ಅದು?”

“ಒಂದೇ ಅಕ್ಷರ. ‘ರೀ’!”